ಲಕ್ಕಿ, ಅಮೃತಬಳ್ಳಿ, ಅಶ್ವಗಂಧ: ಅಮ್ಮನ ಕೀಲೂತಕ್ಕೆ ಮಾತ್ರೆ ಬಿಟ್ಟು ಕಷಾಯ ಸಾಕಾ?

ಪ್ರಶ್ನೆ: ಮೇಡಂ, ನಮ್ದು ಶಿಡ್ಲಘಟ್ಟ ತಾಲೂಕು, ರೇಷ್ಮೆ ಬೆಳೆಯೋರು. ಅಮ್ಮನಿಗೆ 47 ವರ್ಷ. ಆರು ತಿಂಗಳಿಂದ ಎರಡೂ ಕೈ ಬೆರಳ ಗೆಣ್ಣು ಊದ್ಕೊಂಡಿದೆ, ಬೆಳಿಗ್ಗೆ ಎದ್ರೆ ಒಂಬತ್ತು ಗಂಟೆವರೆಗೂ ಮುಷ್ಟಿ ಕಟ್ಟೋಕಾಗಲ್ಲ, ಸೊಪ್ಪು ಕೊಯ್ಯೋಕೆ ಹೋಗೋದೇ ಬಿಟ್ಟಿದ್ದಾರೆ. ಚಿಕ್ಕಬಳ್ಳಾಪುರದಲ್ಲಿ ತೋರಿಸಿದ್ವಿ, ಆಂಟಿ ಸಿಸಿಪಿ ಅನ್ನೋ ರಕ್ತ ಪರೀಕ್ಷೆ ಪಾಸಿಟಿವ್ ಬಂತು, ರುಮಟಾಯ್ಡ್ ಆರ್ಥ್ರೈಟಿಸ್ ಅಂದ್ರು. ವಾರಕ್ಕೊಂದ್ಸಲ ಮೆಥೊಟ್ರೆಕ್ಸೇಟ್, ಫೋಲಿಕ್ ಆಸಿಡ್, ಹೈಡ್ರಾಕ್ಸಿಕ್ಲೋರೋಕ್ವಿನ್ ಬರ್ಕೊಟ್ರು. ಒಂದು ತಿಂಗಳು ತಗೊಂಡ್ರೂ ಏನೂ ಕಡಿಮೆ ಆಗ್ಲಿಲ್ಲ, ಅಷ್ಟ್ರಲ್ಲಿ ಯಾರೋ ಇದು ಕ್ಯಾನ್ಸರ್ ಮಾತ್ರೆ ಅಂದ್ರು, ಹೆದರಿ ನಿಲ್ಸಿದ್ರು. ಸೋದರಮಾವ ಒಬ್ರ ಹತ್ರ ನಾಟಿ ಪುಡಿ ತಂದ್ಕೊಟ್ರು, ಮೂರೇ ದಿನಕ್ಕೆ ನೋವು ಇಳೀತು, ಒಂದು ತಿಂಗಳಿಂದ ಅದೇ ನಡೀತಿದೆ. ಲಕ್ಕಿ ಸೊಪ್ಪಿನ ಸಾರ ಕೆಜಿಗೆ 400 ಮಿಲಿಗ್ರಾಂ ಕೊಟ್ರೆ ಇಲಿಗಳ ಕಾಲೂತ ಇಳೀತು ಅಂತ ಓದಿದೆ. ಲಕ್ಕಿ, ಅಮೃತಬಳ್ಳಿ, ಅಶ್ವಗಂಧ ಮೂರೂ ಹಾಕಿ ಕಷಾಯ ಕೊಟ್ರೆ ಮಾತ್ರೆ ಬಿಡಬಹುದಾ? ಅಪ್ಪನಿಗೂ ಸೊಂಟ ಕುತ್ತಿಗೆ ಬಿಗಿ, ಬಗ್ಗೋಕಾಗಲ್ಲ, ಅವ್ರಿಗೂ ಅದನ್ನೇ ಕೊಡ್ಲಾ?

ಉತ್ತರ: ಮೊದಲು ಆ ಪುಡಿ ವಿಷಯ ನೋಡೋಣ, ಮಿಕ್ಕಿದ್ದೆಲ್ಲ ಒಂದು ವಾರ ತಡ ಆದ್ರೂ ನಡೆಯುತ್ತೆ. ತಿಂಗಳುಗಟ್ಟಲೆ ಇದ್ದ ಊತ ಮೂರು ದಿನಕ್ಕೆ ಇಳಿಸೋ ಬೇರು ಸೊಪ್ಪು ನನಗೆ ಗೊತ್ತಿರೋ ಹಾಗೆ ಯಾವುದೂ ಇಲ್ಲ, ಇಳಿಸೋದು ಸ್ಟೀರಾಯ್ಡ್. ಪ್ರೆಡ್ನಿಸೊಲೋನ್ ಅಥವಾ ಡೆಕ್ಸಾಮೆಥಸೋನ್ ಮಾತ್ರೆ ಕುಟ್ಟಿ ಪುಡಿಗೆ ಬೆರೆಸಿ ಕೊಡೋದು ನಮ್ಮ ದೇಶದಲ್ಲಿ ಹಳೇ ದಂಧೆ, ಆ ಮಾತ್ರೆ ಅಗ್ಗ, ತಗೊಂಡೋರಿಗೆ ಜೀವ ಬಂದ ಹಾಗಾಗುತ್ತೆ, ಪುಡಿ ಕೊಟ್ಟೋರ ಹೆಸರು ಊರೂರಿಗೆ ಹರಡುತ್ತೆ. ನಿಮ್ಮನೆ ಪುಡೀಲೂ ಅದೇ ಇದೆ ಅಂತ ನಾನು ನೋಡದೆ ಹೇಳೋಕಾಗಲ್ಲ, ಆದ್ರೆ ಅಮ್ಮನ್ನ ನೋಡಿದ್ರೆ ನಿಮಗೇ ಸುಳಿವು ಸಿಗುತ್ತೆ: ಮುಖ ದುಂಡಗಾಗಿದೆಯಾ, ಹಸಿವು ಒಮ್ಮೆಲೇ ಜಾಸ್ತಿ ಆಗಿದೆಯಾ, ರಾತ್ರಿ ನಿದ್ದೆ ಕಮ್ಮಿ ಆಗಿದೆಯಾ, ಶುಗರ್ ಬಿಪಿ ಏರಿದೆಯಾ.

ಹಾಗಂತ ಇದನ್ನ ಓದಿದ ತಕ್ಷಣ ಪುಡಿ ತಗೊಂಡು ತಿಪ್ಪೆಗೆ ಎಸೀಬೇಡಿ. ಹೊರಗಿಂದ ವಾರಗಟ್ಟಲೆ ಸ್ಟೀರಾಯ್ಡ್ ಬರ್ತಿದ್ರೆ ಕಿಡ್ನಿ ಮೇಲಿರೋ ಅಡ್ರಿನಲ್ ಗ್ರಂಥಿ ತಾನು ಮಾಡ್ಬೇಕಾದ ಕಾರ್ಟಿಸಾಲ್ ಅನ್ನೋ ಹಾರ್ಮೋನ್ ಮಾಡೋದನ್ನ ಕಡಿಮೆ ಮಾಡ್ಬಿಡುತ್ತೆ, ಆಮೇಲೆ ಒಮ್ಮೆಲೇ ನಿಲ್ಸಿದ್ರೆ ವಾಂತಿ, ವಿಪರೀತ ಸುಸ್ತು, ಬಿಪಿ ಬೀಳೋದು, ಪ್ರಾಣಕ್ಕೇ ಬರೋವಷ್ಟು ಆಗಬಹುದು. ಪೊಟ್ಟಣದ ಸಮೇತ ಡಾಕ್ಟರ್ ಹತ್ರ ಹೋಗಿ, ಎಷ್ಟು ದಿನದಿಂದ, ದಿನಕ್ಕೆ ಎಷ್ಟು ಚಮಚ ಅಂತ ಮುಚ್ಚುಮರೆ ಇಲ್ಲದೆ ಹೇಳಿ, ಬೇಕಿದ್ರೆ ಅವ್ರೇ ಲೆಕ್ಕದ ಡೋಸಲ್ಲಿ ಸ್ಟೀರಾಯ್ಡ್ ಕೊಟ್ಟು ಮೆಲ್ಲಗೆ ಇಳಿಸ್ತಾರೆ. ಸ್ಟೀರಾಯ್ಡನ್ನ ಡಾಕ್ಟ್ರೂ ಬಳಸ್ತಾರೆ, ಮೊದಲ ತಿಂಗಳುಗಳಲ್ಲಿ ನೋವು ತಡೆಯೋಕೆ ಸ್ವಲ್ಪ ಸ್ವಲ್ಪ ಕೊಡೋದು ಮಾಮೂಲು, ತಕರಾರು ಇರೋದು ಎಷ್ಟು ಒಳಗೆ ಹೋಗ್ತಿದೆ ಅಂತ ಕೊಟ್ಟೋನಿಗೂ ತಗೊಂಡೋರಿಗೂ ಗೊತ್ತಿಲ್ಲದೆ ಇರೋದ್ರಲ್ಲಿ. ಇನ್ನು ಸೀಸ ಪಾದರಸದ ಮಾತು. ಅಮೆರಿಕದ ಬಾಸ್ಟನ್ ಸುತ್ತಮುತ್ತ ಅಂಗಡಿಗಳಲ್ಲಿ ಮಾರ್ತಿದ್ದ 70 ಆಯುರ್ವೇದ ತಯಾರಿಕೆ ತಂದು ಪರೀಕ್ಷೆ ಮಾಡಿದ್ದನ್ನ 2004ರಲ್ಲಿ ಪ್ರಕಟ ಮಾಡಿದ್ರು, 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಇತ್ತು. ಅವು ಲೇಬಲ್ ಇದ್ದ ಡಬ್ಬಿಗಳು. ನ್ಯೂಸ್ ಪೇಪರಲ್ಲಿ ಕಟ್ಟಿಕೊಟ್ಟ ಪುಡಿಗೆ ಯಾರ ಹತ್ರ ಲೆಕ್ಕ ಕೇಳ್ತೀರ.

ಈಗ ಕಾಯಿಲೆಗೆ ಬರೋಣ. ಕೀಲಿನ ಒಳಗೋಡೆಗೆ ಒಂದು ತೆಳು ಪೊರೆ ಇದೆ, ಸೈನೋವಿಯಂ ಅಂತ. ಈ ಕಾಯಿಲೇಲಿ ಮೈ ಕಾಯಬೇಕಾದ ರೋಗನಿರೋಧಕ ಕಣಗಳೇ ಆ ಪೊರೆಗೆ ಮುತ್ಕೊಂಡು, ಟಿಎನ್‌ಎಫ್, ಇಂಟರ್‌ಲ್ಯೂಕಿನ್ 6 ಅನ್ನೋ ಸಂದೇಶದ ಅಣುಗಳನ್ನ ಬಿಟ್ಟು, ಪೊರೆ ದಪ್ಪ ಆಗ್ತಾ ಆಗ್ತಾ ಪಕ್ಕದ ಮೃದ್ವಸ್ಥಿ, ಆಮೇಲೆ ಮೂಳೇನ ಕೊರೆಯೋಕೆ ಶುರು ಮಾಡುತ್ತೆ. ಊತ ಇಳಿಯುತ್ತೆ, ನೋವೂ ಇಳಿಯುತ್ತೆ, ಕೊರೆದುಹೋದ ಮೂಳೆ ಮಾತ್ರ ವಾಪಸ್ ಬರಲ್ಲ. ಮೊದಲ ಮೂರರಿಂದ ಆರು ತಿಂಗಳಲ್ಲಿ ಸರಿಯಾಗಿ ಔಷಧಿ ಶುರು ಆದೋರಿಗೂ ವರ್ಷ ಬಿಟ್ಟು ಶುರು ಮಾಡಿದೋರಿಗೂ ಬೆರಳಲ್ಲಿ ಕಾಣೋ ವ್ಯತ್ಯಾಸ ತುಂಬಾ ದೊಡ್ಡದು, ನಿಮ್ಮಮ್ಮ ಆ ಆರು ತಿಂಗಳ ತುದೀಲಿ ನಿಂತಿದ್ದಾರೆ. ಗಿಡಮೂಲಿಕೆ ಒಳ್ಳೇದೋ ಕೆಟ್ಟದ್ದೋ ಅನ್ನೋ ಚರ್ಚೆ ನಾನು ದಿನಗಟ್ಟಲೆ ಮಾಡೋಕೆ ತಯಾರು, ನನ್ನ ಕೆಲಸವೇ ಅದು, ಆದ್ರೆ ಈ ಟೈಮಲ್ಲಿ ಯಾವುದನ್ನ ನಂಬಿ ಯಾವುದನ್ನ ಬಿಡೋದು ಅಂದ್ರೆ ಬಿಡಬಾರದ್ದು ಆ ವಾರದ ಮಾತ್ರೆ.

ಕ್ಯಾನ್ಸರ್ ಮಾತ್ರೆ ಅಂದೋರು ಸುಳ್ಳು ಹೇಳಿಲ್ಲ, ಅರ್ಧ ಹೇಳಿದ್ದಾರೆ. ಮೆಥೊಟ್ರೆಕ್ಸೇಟ್‌ನ ಕೆಲವು ಕ್ಯಾನ್ಸರ್‌ಗೆ ಗ್ರಾಂಗಟ್ಟಲೆ ರಕ್ತನಾಳಕ್ಕೆ ಹಾಕ್ತಾರೆ. ಕೀಲಿಗೆ ಕೊಡೋದು ವಾರಕ್ಕೆ 7.5ರಿಂದ 25 ಮಿಲಿಗ್ರಾಂ, ಆ ಮಟ್ಟದಲ್ಲಿ ಅದು ಮಾಡೋ ಕೆಲಸ ಕೆರಳಿದ ರೋಗನಿರೋಧಕ ಕಣಗಳನ್ನ ಸಮಾಧಾನ ಮಾಡೋದು. ಅಮೆರಿಕದಲ್ಲಿ ಈ ಕಾಯಿಲೆಗೆ ಇದಕ್ಕೆ ಒಪ್ಪಿಗೆ ಸಿಕ್ಕಿದ್ದು 1988ರಲ್ಲಿ, ಅಂದಿನಿಂದ ಲಕ್ಷಾಂತರ ಜನ ತಗೊಂಡಿದ್ದಾರೆ. ಫಲ ಕಾಣೋಕೆ ಆರರಿಂದ ಹನ್ನೆರಡು ವಾರ ಬೇಕು, ನೀವು ನಾಲ್ಕಕ್ಕೆ ನಿಲ್ಸಿದ್ದೀರ, ಅಂದ್ರೆ ಅದು ಕೆಲಸ ಮಾಡುತ್ತೋ ಇಲ್ವೋ ಅಂತ ಇನ್ನೂ ಗೊತ್ತೇ ಆಗಿಲ್ಲ. ಇದನ್ನ ಡಾಕ್ಟರ್ ಮೊದಲೇ ಬಿಡಿಸಿ ಹೇಳಿದ್ರೆ ಅರ್ಧ ಜನ ನಿಲ್ಸೋದೇ ಇಲ್ಲ ಅನ್ನೋದು ನನ್ನ ಅನಿಸಿಕೆ, ಒಪಿಡಿ ಸಾಲು ನೋಡಿದ್ರೆ ಅವ್ರನ್ನೂ ಪೂರ್ತಿ ಬಯ್ಯೋಕಾಗಲ್ಲ. ಮತ್ತೆ ಶುರು ಮಾಡೋದಾದ್ರೆ ಡಾಕ್ಟರನ್ನ ಕೇಳಿಯೇ ಮಾಡಿ, ವಾರದ ಒಂದೇ ದಿನ ಗೊತ್ತು ಮಾಡ್ಕೊಂಡು ಗೋಡೆ ಕ್ಯಾಲೆಂಡರಲ್ಲಿ ಗುರುತು ಹಾಕಿ, ಯಾಕಂದ್ರೆ ವಾರದ ಮಾತ್ರೇನ ದಿನಾ ನುಂಗಿ ಬಾಯೆಲ್ಲ ಹುಣ್ಣಾಗಿ ರಕ್ತಕಣ ಬಿದ್ದು ಐಸಿಯು ಸೇರಿದೋರು, ಸತ್ತೋರು ಇದ್ದಾರೆ. ಶುರುವಲ್ಲಿ ಎರಡರಿಂದ ನಾಲ್ಕು ವಾರಕ್ಕೊಂದ್ಸಲ, ಆಮೇಲೆ ಎರಡು ಮೂರು ತಿಂಗಳಿಗೊಂದ್ಸಲ ರಕ್ತಕಣ, ಲಿವರ್, ಕಿಡ್ನಿ ಟೆಸ್ಟ್ ತಪ್ಪಿಸೋ ಹಾಗಿಲ್ಲ.

ಇನ್ನೊಂದು, ಮಾತ್ರೆ ಒಂದ್ಕಡೆ ಗಿಡ ಒಂದ್ಕಡೆ ಅಂತ ಇಟ್ಕೊಂಡು ಯೋಚ್ನೆ ಮಾಡ್ತಿದ್ದೀರಲ್ಲ, ಅಮ್ಮನ ಚೀಟಿ ಸ್ವಲ್ಪ ನೋಡಿ. ಹೈಡ್ರಾಕ್ಸಿಕ್ಲೋರೋಕ್ವಿನ್‌ನ ಮೂಲ ಹುಡುಕ್ಕೊಂಡು ಹೋದ್ರೆ ಸಿಂಕೋನಾ ಮರದ ತೊಗಟೆಯ ಕ್ವಿನೈನ್ ಅನ್ನೋ ಮಲೇರಿಯಾ ಮದ್ದು ಸಿಗುತ್ತೆ, ಬ್ರಿಟಿಷರು ನೀಲಗಿರೀಲಿ ತೋಟ ಹಾಕಿದ್ರಲ್ಲ, ಅದೇ ಮರ. ಫೋಲಿಕ್ ಆಸಿಡ್‌ನ 1941ರಲ್ಲಿ ಬೇರ್ಪಡಿಸಿದ್ದು ಪಾಲಕ್ ಸೊಪ್ಪಿಂದ. ಅದನ್ನ ಲ್ಯಾಬಲ್ಲಿ ತಯಾರಿಸೋ ದಾರಿ ಹುಡುಕಿದ, ಆಮೇಲೆ ಅದಕ್ಕೆ ಎದುರಾಗಿ ಕೆಲಸ ಮಾಡೋ ಮೆಥೊಟ್ರೆಕ್ಸೇಟ್‌ನಂಥ ಔಷಧಿಗಳನ್ನ ಕೊಟ್ಟ ಲೆಡರ್ಲೆ ಕಂಪನಿಯ ಸಂಶೋಧನೆ ನಡೆಸ್ತಿದ್ದೋರು ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಆಸ್ಪಿರಿನ್ ಕಥೆಯೂ ವಿಲೋ ಮರದ ತೊಗಟೆಯಿಂದಲೇ ಶುರು. ಗಿಡದಲ್ಲಿ ಔಷಧಿ ಗುಣ ಇದೆಯಾ ಅಂತ ನನ್ನ ಕೇಳಿದ್ರೆ ಇದೆ ಅಂತ್ಲೇ ಹೇಳ್ತೀನಿ, ಎಷ್ಟಿದೆ, ಅಳೆದು ನೋಡಿದೋರು ಯಾರು, ಬಾಯಿಂದ ಹೋಗಿ ಕೀಲು ಮುಟ್ಟುತ್ತಾ ಅಂತ ಕೇಳಿದ್ರೆ ಕಷ್ಟ ಶುರು ಆಗುತ್ತೆ.

ನೀವು ಓದಿದ ಇಲಿ ಲೆಕ್ಕಾನೇ ತಗೊಳ್ಳೋಣ. ಇಂಥ ಪ್ರಯೋಗದಲ್ಲಿ ಸಾಮಾನ್ಯವಾಗಿ ಏನು ಮಾಡ್ತಾರೆ ಅಂದ್ರೆ, ಸತ್ತ ಕ್ಷಯದ ಬ್ಯಾಕ್ಟೀರಿಯಾನ ಎಣ್ಣೇಲಿ ಕಲಸಿದ ಫ್ರಾಯಿಂಡ್ಸ್ ಅಡ್ಜುವೆಂಟ್ ಅನ್ನೋ ದ್ರಾವಣಾನ ಇಲಿ ಪಾದಕ್ಕೆ ಚುಚ್ತಾರೆ, ಪಾದ ಊದುತ್ತೆ, ಎರಡು ವಾರದ ಹೊತ್ತಿಗೆ ಮಿಕ್ಕ ಕಾಲುಗಳ ಕೀಲೂ ಊದ್ಕೊಳ್ಳುತ್ತೆ. ಪಾದಾನ ಒಂದು ನಳಿಗೇಲಿ ಅದ್ದಿ ಎಷ್ಟು ದ್ರವ ಮೇಲೆ ಬಂತು ಅಂತ ಊತ ಅಳೀತಾರೆ. ಸಾರ ಕೊಟ್ಟ ಇಲಿಗೆ ಕಡಿಮೆ, ಕೊಡದೆ ಇರೋದಕ್ಕೆ ಜಾಸ್ತಿ, ಪೇಪರ್ ರೆಡಿ. ಇದು ಮೋಸ ಅಲ್ಲ, ಎಲ್ಲ ಔಷಧಿಯೂ ಈ ಬಾಗಿಲಿಂದಲೇ ಒಳಗೆ ಬರೋದು. ಆದ್ರೆ ಓದೋವಾಗ ಒಂದು ಕಡೆ ಬೆರಳಿಡಿ: ಸಾರ ಕೊಡೋಕೆ ಶುರು ಮಾಡಿದ್ದು ಯಾವತ್ತು? ಎಷ್ಟೋ ಪೇಪರಲ್ಲಿ ಚುಚ್ಚಿದ ದಿನವೇ, ಕೆಲವದ್ರಲ್ಲಿ ಅದಕ್ಕೂ ಮುಂಚೆ. ಹುಳು ಮನೇನ ಬ್ಲೀಚಿಂಗ್ ಸುಣ್ಣ ಹಾಕಿ ತೊಳೆದು ಚಾಕಿ (ಮರಿ ರೇಷ್ಮೆಹುಳು) ತರೋದಕ್ಕೂ, ಐದನೇ ಹಂತದಲ್ಲಿ ಹಾಲುತೊಂಡೆ ರೋಗ ಬಿದ್ಮೇಲೆ ಬಕೆಟ್ ಹಿಡ್ಕೊಂಡು ಓಡೋದಕ್ಕೂ ಇರೋ ವ್ಯತ್ಯಾಸ ನಿಮಗೆ ಯಾರೂ ಹೇಳ್ಕೊಡ್ಬೇಕಿಲ್ಲ. ನಿಮ್ಮಮ್ಮನಿಗೆ ಬೇಕಿರೋದು ಎರಡನೇದಕ್ಕೆ ಮದ್ದು.

ಆಮೇಲೆ ಡೋಸ್. ಇಲಿಗೆ ಕೆಜಿಗೆ 400 ಮಿಲಿಗ್ರಾಂ ಅಂದ್ರೆ ಮನುಷ್ಯರಿಗೂ ಅಷ್ಟೇ ಅಂತ ಗುಣಿಸೋ ಹಾಗಿಲ್ಲ, ಸುಮಾರು 6ರಿಂದ ಭಾಗಿಸ್ತಾರೆ, ಮೈ ಗಾತ್ರಕ್ಕೂ ಮೇಲ್ಮೈಗೂ ಇರೋ ಲೆಕ್ಕ ಅದು. ಭಾಗಿಸಿದ್ರೆ ಕೆಜಿಗೆ 65 ಮಿಲಿಗ್ರಾಂ ಹತ್ರ, ಅಮ್ಮ 55 ಕೆಜಿ ಅಂತ ಇಟ್ಕೊಂಡ್ರೆ ದಿನಕ್ಕೆ ಮೂರೂವರೆ ಗ್ರಾಂ ಸಾರ. ಅದು ಸಾರ, ಸೊಪ್ಪಲ್ಲ. ನೂರು ಗ್ರಾಂ ಒಣ ಸೊಪ್ಪಿಂದ ಹತ್ತು ಗ್ರಾಂ ಸಾರ ಬಂತು ಅಂತ ಧಾರಾಳವಾಗೇ ಲೆಕ್ಕ ಹಾಕಿದ್ರೂ ದಿನಾ 35 ಗ್ರಾಂ ಒಣ ಸೊಪ್ಪು, ಹಸಿ ಸೊಪ್ಪಲ್ಲಿ ನೂರು ಗ್ರಾಂ ದಾಟುತ್ತೆ, ತಿಂಗಳುಗಟ್ಟಲೆ. ಅಷ್ಟು ಲಕ್ಕಿ ಕಷಾಯ ಕುಡಿದು ನೋಡಿ, ಆ ಕಹಿಗೆ ಕೀಲು ನೋವು ಮರೆತೇ ಹೋಗುತ್ತೆ! ಅದೂ ಸಾಲದು ಅಂತ ಲ್ಯಾಬಲ್ಲಿ ಸಾರ ತೆಗೆದಿರೋದು ಹೆಚ್ಚಾಗಿ ಎಥನಾಲಲ್ಲೋ ಮೆಥನಾಲಲ್ಲೋ, ನೀವು ಕುದಿಸೋದು ನೀರಲ್ಲಿ. ಆಲ್ಕೋಹಾಲಿಗೆ ಬಿಟ್ಕೊಳ್ಳೋ ಫ್ಲೇವನಾಯ್ಡ್, ಟರ್ಪಿನ್ ಜಾತಿಯ ಎಷ್ಟೋ ವಸ್ತು ನೀರಿಗೆ ಬಿಟ್ಕೊಳ್ಳಲ್ಲ, ಹಾಗಾಗಿ ಇಲಿ ಕುಡಿದಿದ್ದೂ ಅಮ್ಮ ಕುಡಿಯೋದೂ ಒಂದೇ ಗಿಡದ್ದಾದ್ರೂ ಒಂದೇ ಮದ್ದಲ್ಲ.

ಅರಿಶಿನಕ್ಕೂ ಇದೇ ಗತಿ, ಅದನ್ನ ನೀವು ಕೇಳಿಲ್ಲ ಆದ್ರೂ ನಿಮ್ಮನೇಲಿ ಯಾರಾದ್ರೂ ಹೇಳೇ ಹೇಳ್ತಾರೆ. ನಮ್ಮ ದೇಶದಲ್ಲೇ 1980ರಲ್ಲಿ 18 ಜನ ರುಮಟಾಯ್ಡ್ ರೋಗಿಗಳಿಗೆ ದಿನಕ್ಕೆ 1200 ಮಿಲಿಗ್ರಾಂ ಕರ್ಕ್ಯುಮಿನ್ ಕೊಟ್ಟು ಫಿನೈಲ್‌ಬ್ಯುಟಜೋನ್ ಅನ್ನೋ ಆಗಿನ ನೋವಿನ ಮಾತ್ರೆ ಜೊತೆ ಹೋಲಿಸಿದ್ರು, ಬೆಳಗಿನ ಬಿಗಿ, ಊತ ಕಡಿಮೆ ಆಯ್ತು. ಅರಿಶಿನ ಪುಡೀಲಿ ಕರ್ಕ್ಯುಮಿನ್ ಇರೋದು ನೂರಕ್ಕೆ ಮೂರರ ಆಸುಪಾಸು, ಅಂದ್ರೆ 1200 ಮಿಲಿಗ್ರಾಂ ಬೇಕಂದ್ರೆ ದಿನಾ 40 ಗ್ರಾಂ ಅರಿಶಿನ ತಿನ್ಬೇಕು. ತಿಂದ್ರೂ ರಕ್ತಕ್ಕೆ ಸೇರೋದು ಅತ್ಯಲ್ಪ. ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನೋರು 1998ರಲ್ಲಿ ತೋರಿಸಿದ್ದು ಇದನ್ನೇ: ಎರಡು ಗ್ರಾಂ ಕರ್ಕ್ಯುಮಿನ್ ಬರೀ ನುಂಗಿಸಿದ್ರೆ ರಕ್ತದಲ್ಲಿ ಹುಡುಕಿದ್ರೂ ಸರಿಯಾಗಿ ಸಿಗಲ್ಲ, ಜೊತೆಗೆ ಕಾಳುಮೆಣಸಿನ ಪೈಪರಿನ್ 20 ಮಿಲಿಗ್ರಾಂ ಸೇರಿಸಿದ್ರೆ ಹೀರಿಕೆ 2000 ಪರ್ಸೆಂಟ್ ಹೆಚ್ಚಾಯ್ತು. ಎಷ್ಟು ಚೆನ್ನಾಗಿದೆ ಅಲ್ವಾ, ಮಾರ್ಕೆಟ್ಟಲ್ಲಿ ಇವತ್ತು ಅರಿಶಿನ ಕ್ಯಾಪ್ಸೂಲ್ ಮಾರೋರು ಎಷ್ಟೋ ಜನ ಈ ಒಂದು ಪ್ರಯೋಗದ ಮೇಲೆ ಬದುಕ್ತಿದ್ದಾರೆ. ಆದ್ರೆ ಪೈಪರಿನ್ ಇದನ್ನ ಮಾಡೋದು ಕರುಳು ಮತ್ತು ಲಿವರಿನ ಕಿಣ್ವಗಳನ್ನ ತಡೆದು, ಹಾಗಾಗಿ ಫಿಟ್ಸ್ ಮಾತ್ರೆ ಫೆನಿಟಾಯಿನ್‌ನಂಥ ಬೇರೆ ಔಷಧಿಗಳ ಮಟ್ಟವೂ ರಕ್ತದಲ್ಲಿ ಏರುತ್ತೆ, ಮತ್ತೆ ಪೈಪರಿನ್ ಸೇರಿಸಿದ ಅರಿಶಿನದ ಕ್ಯಾಪ್ಸೂಲ್ ತಗೊಂಡು ಲಿವರ್ ಕೆಟ್ಟ ಕೇಸುಗಳು ಹೊರದೇಶಗಳಿಂದ ವರದಿ ಆಗಿವೆ. ಸಾರಿಗೆ ಹಾಕೋ ಅರಿಶಿನಕ್ಕೆ ಈ ಹೆದರಿಕೆ ಬೇಡ, ಮಾಮೂಲಿ ಹಾಕಿ.

ಹಾಗಾದ್ರೆ ಗಿಡದ ಸಾರ ಈ ಕಾಯಿಲೆಗೆ ನಿಜವಾಗ್ಲೂ ಗೆದ್ದಿದ್ದು ಇದೆಯಾ ಅಂದ್ರೆ ಇದೆ, ನಮ್ಮ ಕಡೇದಲ್ಲ. ಚೀನಾದಲ್ಲಿ ಟ್ರಿಪ್ಟರಿಜಿಯಂ ಅಂತ ಒಂದು ಬಳ್ಳಿ, ಬೇರಿನ ತಿರುಳಿಂದ ಸಾರ ತೆಗೀತಾರೆ. ಅಮೆರಿಕದಲ್ಲಿ 121 ರೋಗಿಗಳ ಮೇಲೆ ಈ ಕಾಯಿಲೆಗೇ ಕೊಡೋ ಸಲ್ಫಾಸಲಜಿನ್ ಮಾತ್ರೆಗೆ ಎದುರಾಗಿ ನಿಲ್ಸಿ ನೋಡಿದ್ರು, 2009ರಲ್ಲಿ ಪ್ರಕಟ ಆಯ್ತು: ಆರು ತಿಂಗಳಿಗೆ ಕನಿಷ್ಠ ಮಟ್ಟದ ಸುಧಾರಣೆ ಮುಟ್ಟಿದೋರು ಸಾರದ ಗುಂಪಲ್ಲಿ ನೂರಕ್ಕೆ 65, ಮಾತ್ರೆ ಗುಂಪಲ್ಲಿ 33. ಮಧ್ಯದಲ್ಲೇ ಬಿಟ್ಟು ಹೋದೋರು ತುಂಬಾ ಇದ್ರು ಅನ್ನೋದು ಅದ್ರ ಹುಳುಕು. 2014ರಲ್ಲಿ ಚೀನಾದೋರು 207 ಜನರ ಮೇಲೆ ನೇರ ಮೆಥೊಟ್ರೆಕ್ಸೇಟ್ ಜೊತೆಗೇ ಹೋಲಿಸಿದ್ರು. ಅರ್ಧಕ್ಕರ್ಧ ಗುಣ ಕಂಡೋರು ಮೆಥೊಟ್ರೆಕ್ಸೇಟಲ್ಲಿ 46 ಪರ್ಸೆಂಟ್, ಬಳ್ಳಿ ಸಾರದಲ್ಲಿ 55, ಎರಡೂ ಸೇರಿಸಿ ಕೊಟ್ಟೋರಲ್ಲಿ 77. ಈ ಅಂಕಿ ನೋಡಿ ನನಗೂ ಆಸೆ ಹುಟ್ಟಿತ್ತು. ಆದ್ರೆ ಅದೇ ಬಳ್ಳಿ ಗಂಡಸರಲ್ಲಿ ವೀರ್ಯಾಣು ಕಡಿಮೆ ಮಾಡುತ್ತೆ, ಹೆಂಗಸರಲ್ಲಿ ಮುಟ್ಟು ನಿಲ್ಲಿಸುತ್ತೆ, ಎಲೆ ತೊಗಟೆ ಪೂರ್ತಿ ವಿಷ, ತಯಾರಿಕೆ ಹದ ತಪ್ಪಿದ್ರೆ ಜೀವ ಹೋಗುತ್ತೆ. ಗಿಡ ಆದ್ರಿಂದ ಸೈಡ್ ಎಫೆಕ್ಟ್ ಇಲ್ಲ ಅನ್ನೋರಿಗೆ ನಾನು ಈ ಬಳ್ಳಿ ಹೆಸರು ಹೇಳ್ತೀನಿ. ಆನ್‌ಲೈನಲ್ಲಿ ಸಿಗುತ್ತೆ ಅಂತ ತರಿಸ್ಬೇಡಿ ಮಾರಾಯ್ರೆ.

ನಮ್ಮ ಆಯುರ್ವೇದದ ಮೇಲೂ ಸರಿಯಾದ ಪ್ರಯೋಗ ನಡೆದಿದೆ, ಕಮ್ಮಿ ನಡೆದಿದೆ ಅಷ್ಟೆ. ಪುಣೆಯ ಸಂಧಿವಾತ ತಜ್ಞರು ಅಶ್ವಗಂಧ, ಶಲ್ಲಕಿ (ಒಂದು ಮರದ ಅಂಟು), ಶುಂಠಿ, ಅರಿಶಿನ ಸೇರಿದ ತಯಾರಿಕೇನ 182 ರೋಗಿಗಳಿಗೆ 16 ವಾರ, ಅರ್ಧ ಜನಕ್ಕೆ ನಿಜವಾದದ್ದು ಅರ್ಧ ಜನಕ್ಕೆ ಖಾಲಿ ಮಾತ್ರೆ ಕೊಟ್ಟು ನೋಡಿದ್ರು, 2000ದಲ್ಲಿ ಬಂತು ಆ ವರದಿ. ಔಷಧಿ ತಗೊಂಡೋರಿಗೂ ಗುಣ ಕಂಡಿತು, ಖಾಲಿ ಮಾತ್ರೆ ತಗೊಂಡೋರಿಗೂ ಹತ್ತಿರ ಹತ್ತಿರ ಅಷ್ಟೇ ಕಂಡಿತು. ಇದನ್ನ ಓದಿ ಆಯುರ್ವೇದ ಸೋತಿತು ಅಂತ ಚಪ್ಪಾಳೆ ಹೊಡೆಯೋರು ಇದ್ದಾರೆ, ನನಗೆ ಅದರಲ್ಲಿ ಕಾಣೋದು ಬೇರೆ: ಈ ಕಾಯಿಲೆ ತಾನಾಗೇ ಏರುತ್ತೆ, ತಾನಾಗೇ ಇಳಿಯುತ್ತೆ, ಇಳಿಯೋ ಹೊತ್ತಿಗೆ ಬಾಯಲ್ಲಿ ಏನಿತ್ತೋ ಅದಕ್ಕೆ ಹೆಸರು ಹೋಗುತ್ತೆ. 2006ರಲ್ಲಿ ನಮ್ಮ ಜಿಲ್ಲೆಗಳಿಗೆ ಚಿಕೂನ್‌ಗುನ್ಯಾ ಬಂದಾಗ ಊರಿಗೆ ಊರೇ ಕುಂಟ್ತಾ ಓಡಾಡಿದ್ದು ನಿಮ್ಮ ಅಪ್ಪ ಅಮ್ಮನಿಗೆ ನೆನಪಿರುತ್ತೆ, ಆ ಕೀಲುನೋವು ಬಹಳ ಜನಕ್ಕೆ ವಾರಗಳಲ್ಲೋ ತಿಂಗಳುಗಳಲ್ಲೋ ಸುಮ್ನೆ ಹೋಯ್ತು, ಆದ್ರೆ ಆಗ ಒಬ್ರು ನೆಲಬೇವು ಕುಡಿದಿದ್ರು, ಒಬ್ರು ಅಮೃತಬಳ್ಳಿ, ಇನ್ನೊಬ್ರು ಯಾವ್ದೋ ಇಂಜೆಕ್ಷನ್, ಇವತ್ತಿಗೂ ಕೀಲುನೋವು ಅಂದ್ರೆ ಅವರವರು ಅವರವರದ್ದೇ ಹೇಳ್ತಾರೆ. ಕೊಯಮತ್ತೂರಲ್ಲಿ ಇನ್ನೊಂದು ಪ್ರಯೋಗ ಆಗಿದೆ, 2011ರಲ್ಲಿ ಪ್ರಕಟ, 43 ರೋಗಿಗಳು, 36 ವಾರ: ಬರೀ ಆಯುರ್ವೇದ, ಬರೀ ಮೆಥೊಟ್ರೆಕ್ಸೇಟ್, ಎರಡೂ. ಮೂರು ಗುಂಪಿಗೂ ಸರಿಸುಮಾರು ಒಂದೇ ಥರ ಗುಣ ಕಂಡಿತು. ಇದು ನನಗೆ ನಿಜವಾಗ್ಲೂ ಕುತೂಹಲ ಹುಟ್ಟಿಸೋ ಫಲಿತಾಂಶ, ಆದ್ರೆ ಗುಂಪಿಗೆ ಹದಿನಾಲ್ಕು ಹದಿನೈದು ಜನ ಇಟ್ಕೊಂಡು ಮೂಳೆ ಉಳೀತಾ ಅಂತ ಹೇಳೋಕಾಗಲ್ಲ, ಮತ್ತೆ ಅಲ್ಲಿ ಕೊಟ್ಟಿದ್ದು ಒಂದೊಂದು ರೋಗಿಗೂ ವೈದ್ಯರು ನೋಡಿ ಆರಿಸಿದ ಹತ್ತಾರು ತಯಾರಿಕೆ, ಮೂರು ಸೊಪ್ಪು ಕುದಿಸಿದ ಕಷಾಯ ಅಲ್ಲ.

ಸರಿ, ನಿಮ್ಮ ಮೂರು ಗಿಡಕ್ಕೆ ಬರ್ತೀನಿ.

ಲಕ್ಕಿ ಸೊಪ್ಪು ಹೊರಗೆ ಬಳಸೋಕೆ ನನ್ನ ಪೂರ್ತಿ ಒಪ್ಪಿಗೆ ಇದೆ. ನಮ್ಮ ತುಮಕೂರು ಕಡೆ ಬಾಣಂತಿ ನೀರಿಗೂ ಹಾಕ್ತಿದ್ರು. ಸೊಪ್ಪು ಹಾಕಿ ಕಾಯಿಸಿದ ನೀರಲ್ಲಿ ಬೆಳಿಗ್ಗೆ ಕೈ ಅದ್ದಿ ಇಟ್ಕೊಂಡು ಮೆಲ್ಲಗೆ ಮುಷ್ಟಿ ಕಟ್ಟಿ ಬಿಚ್ಚೋದು, ಇಲ್ಲ ಹರಳೆಣ್ಣೇಲಿ ಬಾಡಿಸಿ ಬಟ್ಟೇಲಿ ಕಟ್ಟಿ ಶಾಖ ಕೊಡೋದು ಮಾಡಿ, ಬಿಗಿ ಬಿಡುತ್ತೆ. ಅದ್ರಲ್ಲಿ ಬಿಸಿಯ ಪಾಲೆಷ್ಟು ಸೊಪ್ಪಿನ ಪಾಲೆಷ್ಟು ಅಂತ ನಾನು ಜಗಳಕ್ಕೆ ನಿಲ್ಲಲ್ಲ. ಕೀಲು ಕೆಂಪಗೆ ಸುಡ್ತಿದ್ರೆ ಮಾತ್ರ ಅವತ್ತು ಶಾಖ ಬೇಡ. ಎಕ್ಕದ ಎಲೆ ಕಟ್ಟೋ ಅಭ್ಯಾಸ ಇದ್ರೆ ಬಿಟ್ಬಿಡಿ, ಅದ್ರ ಹಾಲು ಚರ್ಮ ಸುಡುತ್ತೆ, ಅದೇ ಕೈಯಲ್ಲಿ ಕಣ್ಣು ಉಜ್ಜಿದ್ರೆ ಕಣ್ಣಿಗೇ ಅಪಾಯ.

ಅಮೃತಬಳ್ಳಿ ಮಾತ್ರ ಬೇಡವೇ ಬೇಡ, ಮೆಥೊಟ್ರೆಕ್ಸೇಟ್ ಜೊತೆಗಂತೂ ಬೇಡ. ಕೊರೋನಾ ಟೈಮಲ್ಲಿ ಇಮ್ಯುನಿಟಿಗೆ ಅಂತ ಮನೆಮನೇಲಿ ಕುಡಿದ್ರಲ್ಲ, ಆಮೇಲೆ ಮುಂಬೈಯ ಲಿವರ್ ಡಾಕ್ಟರ್‌ಗಳು ಕಾಮಾಲೆ ಆಗಿ ಬಂದೋರ ವರದಿ ಮಾಡಿದ್ರು, ಮುಂದೆ ಬೇರೆ ಬೇರೆ ಊರಿನ ಆಸ್ಪತ್ರೆಗಳಿಂದ ಸೇರಿಸಿ 43 ಜನರ ಲೆಕ್ಕ 2022ರಲ್ಲಿ ಬಂತು. ಅದ್ರಲ್ಲಿ ಬಹಳ ಜನಕ್ಕೆ ಆಗಿದ್ದು ಲಿವರನ್ನ ಮೈಯ ರೋಗನಿರೋಧಕ ಶಕ್ತಿಯೇ ತಿನ್ನೋ ಥರದ ಹೆಪಟೈಟಿಸ್, ಥೈರಾಯ್ಡ್‌ನಂಥ ಆಟೋಇಮ್ಯೂನ್ (ರೋಗನಿರೋಧಕ ಶಕ್ತಿ ಸ್ವಂತ ಮೈ ಮೇಲೇ ತಿರುಗೋ) ತೊಂದರೆ ಮೊದಲೇ ಇದ್ದೋರಿಗೆ ಇನ್ನೂ ಕೆಟ್ಟದಾಯ್ತು. ಆಯುಷ್ ಸಚಿವಾಲಯ ಇದನ್ನ ಒಪ್ಪಲಿಲ್ಲ, ಅದೇ ಥರ ಕಾಣೋ ಇನ್ನೊಂದು ಬಳ್ಳಿ ಬೆರೆತಿರಬಹುದು ಅಂತ ಹೇಳಿತು. ಬೆರೆತಿರಬಹುದು, ಆದ್ರೆ ಬೇಲಿಯಿಂದ ಕಿತ್ಕೊಂಡು ಬರೋ ನಮಗೆ ಯಾವ್ದು ಯಾವ್ದು ಅಂತ ಯಾರು ನೋಡಿ ಹೇಳ್ತಾರೆ? ನಿಮ್ಮಮ್ಮನಿಗೆ ಇರೋದೇ ಆಟೋಇಮ್ಯೂನ್ ಕಾಯಿಲೆ, ಕೆರಳಿದ ಸೈನ್ಯಕ್ಕೆ ಇನ್ನಷ್ಟು ಹುರುಪು ತುಂಬೋದು ಯಾವ ಲೆಕ್ಕ.

ಅಶ್ವಗಂಧದ ಬೇರಿಗೂ ಲಿವರ್ ತೊಂದರೆ ವರದಿ ಇವೆ, ಡೆನ್ಮಾರ್ಕ್ 2023ರಲ್ಲಿ ಅದನ್ನ ನಿಷೇಧವೇ ಮಾಡ್ತು, ಅಷ್ಟು ಬೇಕಿತ್ತಾ ಅಂತ ನನಗೆ ಅನುಮಾನ. ಆದ್ರೆ ಥೈರಾಯ್ಡ್ ಹಾರ್ಮೋನ್ ಏರಿಸೋ ಗುಣ ಅದಕ್ಕಿದೆ, ಅಮ್ಮ ಥೈರಾಕ್ಸಿನ್ ತಗೊಳ್ತಿದ್ರೆ ಲೆಕ್ಕ ತಪ್ಪುತ್ತೆ. ಮೆಥೊಟ್ರೆಕ್ಸೇಟ್ ಮತ್ತೆ ಶುರು ಆಗಿ ಲಿವರ್ ಟೆಸ್ಟ್ ಒಂದು ಹದಕ್ಕೆ ಬರೋವರೆಗೂ ಮುಟ್ಟಬೇಡಿ. ಟೆಸ್ಟಲ್ಲಿ ಏರುಪೇರು ಬಂದಾಗ ಇದ್ರಿಂದಲೋ ಅದ್ರಿಂದಲೋ ಗೊತ್ತಾಗದೆ ಡಾಕ್ಟರ್ ನಿಲ್ಸೋದು ಯಾವತ್ತೂ ಮೆಥೊಟ್ರೆಕ್ಸೇಟನ್ನೇ, ಆಗ ನಷ್ಟ ಅಮ್ಮನ ಬೆರಳಿಗೆ.

ಶಲ್ಲಕಿ ಬಗ್ಗೆ ಒಂದೇ ಮಾತು, ಯಾಕಂದ್ರೆ ಮೆಡಿಕಲ್ ಶಾಪಲ್ಲಿ ಅದನ್ನೇ ಮುಂದಿಡ್ತಾರೆ. ವಯಸ್ಸಾದೋರ ಮಂಡಿ ಸವೆತದ ನೋವಿಗೆ ಅದು ಸ್ವಲ್ಪ ಉಪಯೋಗ ಆಗುತ್ತೆ ಅನ್ನೋಕೆ ಪ್ರಯೋಗಗಳ ಆಧಾರ ಇದೆ, ರುಮಟಾಯ್ಡ್‌ಗೆ ಜರ್ಮನೀಲಿ ನೋಡಿದಾಗ ಫಲ ಕಾಣಲಿಲ್ಲ. ಎರಡೂ ಕೀಲುನೋವೇ, ಕಾಯಿಲೆ ಬೇರೆ. ಆಯುರ್ವೇದ ಮಾಡಿಸ್ಲೇಬೇಕು ಅಂತ ಮನೇಲಿ ಹಟ ಇದ್ರೆ ಬಿಎಎಂಎಸ್ ಓದಿದ ವೈದ್ಯರ ಹತ್ರ ಹೋಗಿ, ಏನು ಕೊಡ್ತಾರೋ ಹೆಸರು ಬರೆಸ್ಕೊಳ್ಳಿ, ಲೋಹದ ಭಸ್ಮ ಬೇಡ ಅಂತ ಮೊದಲೇ ಹೇಳಿ, ಎರಡೂ ಕಡೆ ಡಾಕ್ಟರಿಗೆ ಎರಡೂ ಚೀಟಿ ತೋರಿಸಿ. ಮೂರು ತಿಂಗಳಿಗೆ ಸಿಆರ್‌ಪಿ, ಅಂದ್ರೆ ಉರಿಯೂತ ಅಳೆಯೋ ರಕ್ತ ಪರೀಕ್ಷೆ, ವರ್ಷಕ್ಕೊಂದು ಕೈ ಎಕ್ಸ್‌ರೇ ಆಗಲಿ. ನೋವು ಕಮ್ಮಿ ಅಂತ ಅಮ್ಮ ಹೇಳೋದನ್ನ ಒಂದೇ ನಂಬ್ಬೇಡಿ, ನಮ್ಮ ತಾಯಂದಿರು ಖರ್ಚು ನೋಡಿ ಪರ್ವಾಗಿಲ್ಲ ಕಣಪ್ಪ ಅಂದ್ಬಿಡ್ತಾರೆ.

ಮೆಥೊಟ್ರೆಕ್ಸೇಟ್ ಮೂರು ತಿಂಗಳು ಸರಿಯಾಗಿ ತಗೊಂಡ್ರೂ ಊತ ಇಳೀಲಿಲ್ಲ ಅಂದ್ರೆ ಆಗ ಡೋಸ್ ಏರಿಸೋದು, ಇಂಜೆಕ್ಷನ್ ರೂಪದಲ್ಲಿ ಕೊಡೋದು, ಸಲ್ಫಾಸಲಜಿನ್ ಅಥವಾ ಲೆಫ್ಲುನೊಮೈಡ್ ಸೇರಿಸೋದು, ಹೀಗೆ ದಾರಿಗಳಿವೆ, ಹುಳು ಹಣ್ಣಾದಾಗ ಗೂಡು ಕಟ್ಟೋಕೆ ಚಂದ್ರಿಕೆಗೆ ಬಿಡೋ ಕೆಲಸಕ್ಕೆ ಅಮ್ಮ ವಾಪಸ್ ಕೂರೋದು ಆಗದ ಮಾತೇನಲ್ಲ.

ಅಪ್ಪನ ವಿಷಯ ಬೇರೆ ಇರಬಹುದು ಅನ್ಸುತ್ತೆ. ಸೊಂಟ ಕುತ್ತಿಗೆ ಎರಡೂ ಬಿಗಿ, ಬಗ್ಗೋಕಾಗಲ್ಲ ಅಂದ್ರೆ ನಮ್ಮ ಚಿಕ್ಕಬಳ್ಳಾಪುರ, ಕೋಲಾರ, ಆಕಡೆ ಪಾವಗಡದ ಜನಕ್ಕೆ ಮೊದಲು ಕೇಳ್ಬೇಕಾದ ಪ್ರಶ್ನೆ: ಎಷ್ಟು ವರ್ಷದಿಂದ ಯಾವ ಬೋರ್‌ವೆಲ್ ನೀರು ಕುಡಿದಿದ್ದೀರ? ಗ್ರಾನೈಟ್ ಕಲ್ಲಿನ ಆಳದಿಂದ ಬರೋ ನೀರಲ್ಲಿ ಫ್ಲೋರೈಡ್ ಇರುತ್ತೆ, ಲೀಟರಿಗೆ 1.5 ಮಿಲಿಗ್ರಾಂ ದಾಟಿದ್ರೆ ಕುಡಿಯೋಕೆ ಯೋಗ್ಯ ಅಲ್ಲ, ವರ್ಷಗಟ್ಟಲೆ ಕುಡಿದ್ರೆ ಮೂಳೆ ಗಟ್ಟಿಯಾಗಿ ಅದ್ರ ಸುತ್ತ ಇರೋ ಕಟ್ಟುಗಳೂ ಸುಣ್ಣ ಕಟ್ಕೊಂಡು ಬೆನ್ನು ಕಂಬ ಆಗ್ಬಿಡುತ್ತೆ. ಬೆನ್ನಿಂದು, ಮುಂಗೈದು ಎಕ್ಸ್‌ರೇ ತೆಗೆಸಿದ್ರೆ ನೋಡಿದೋರಿಗೆ ಗೊತ್ತಾಗುತ್ತೆ, ನೀರಿನ ಸ್ಯಾಂಪಲ್ ಪಂಚಾಯ್ತಿ ಮೂಲಕ ಲ್ಯಾಬಿಗೆ ಕಳಿಸಿ. ಸವೆತವೇ ಇದ್ದು ಫ್ಲೋರೈಡ್ ಇಲ್ಲದೆಯೂ ಇರಬಹುದು, ನೋಡಿದ್ರೇ ಗೊತ್ತಾಗೋದು. ಇದಕ್ಕೆ ಗಿಡದ ಪೈಕಿ ನನಗೆ ಇಷ್ಟವಾದ ಒಂದು ಪ್ರಯೋಗ ಇದೆ: ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯೋರು ಶಾಲೆ ಹುಡುಗರಿಗೆ ದಿನಾ 10 ಗ್ರಾಂ ಹುಣಸೆಹಣ್ಣು 18 ದಿನ ಕೊಟ್ಟಾಗ ಮೂತ್ರದಲ್ಲಿ ಫ್ಲೋರೈಡ್ ಹೊರಗೆ ಹೋಗೋದು ಜಾಸ್ತಿ ಆಯ್ತು, 2002ರ ವರದಿ. ಹುಣಸೆ ನಮ್ಮ ಮನೇದೇ, ಸಾರಿಗೆ ಹಾಕಿ, ಆದ್ರೆ ಗಟ್ಟಿಯಾದ ಬೆನ್ನು ಅದ್ರಿಂದ ಸಡಿಲ ಆಗುತ್ತೆ ಅಂತ ಅದು ಹೇಳಲ್ಲ, ನೀರು ಬದಲಾಯಿಸ್ಲೇಬೇಕು.

ಆ ಕಷಾಯ ಅಪ್ಪನಿಗೆ ಬೇಡ ಅನ್ನೋಕೆ ಇದೂ ಒಂದು ಕಾರಣ. ಕಷಾಯ ಅಂದ್ರೆ ನಾಲ್ಕು ಲೋಟ ನೀರನ್ನ ಕುದಿಸಿ ಒಂದು ಲೋಟಕ್ಕೆ ಇಳಿಸೋದು ತಾನೇ, ನೀರು ಆವಿ ಆಗುತ್ತೆ, ಫ್ಲೋರೈಡ್ ಆಗಲ್ಲ. ಲೀಟರಿಗೆ 1.5 ಇದ್ದದ್ದು ಒಂದು ಲೋಟಕ್ಕೆ ಇಳಿಯೋ ಹೊತ್ತಿಗೆ 6ರ ಹತ್ರ ಹೋಗುತ್ತೆ. ಶುದ್ಧ ನೀರಿನ ಘಟಕದಿಂದ ಕ್ಯಾನ್ ತರ್ತಿದ್ರೆ ಕುಡಿಯೋಕೆ ಮಾತ್ರ ಅಲ್ಲ, ಮುದ್ದೆ ಎಸರಿಗೆ, ಬೇಳೆ ಬೇಯಿಸೋಕೆ, ಕಾಫಿಗೆ ಎಲ್ಲದಕ್ಕೂ ಅದೇ ನೀರು ಹಾಕಿ.